ಲೋಟದಲ್ಲಿ ಕಲ್ಲಿನ ಘಮಲು

ಬಿಳಿ ವೈನ್ ಬಗ್ಗೆ ಮಾತಾಡುವವರು ಈಚೆಗೆ ಬಾಯ್ತುಂಬ ಬಳಸುವ ಮಾತು ‘ಮಿನರಲ್’. ಹಣ್ಣಿನ ವಾಸನೆ ಸಿಗದಿದ್ದರೆ ಮಿನರಲ್, ಹುಳಿ ಚುರುಕಾಗಿದ್ದರೆ ಮಿನರಲ್, ಕಡ್ಡಿ ಗೀರಿದಂಥ ಹೊಗೆ ಸುಳಿದರೂ ಮಿನರಲ್. ಒಂದೇ ಮೇಜಿನ ಸುತ್ತ ಕುಳಿತ ನಾಲ್ವರು ಈ ಮಾತಿಗೆ ತಲೆದೂಗುತ್ತಾರೆ. ನಾಲ್ವರ ಮನಸ್ಸಿನಲ್ಲಿರುವುದು ನಾಲ್ಕು ಬೇರೆ ಸಂಗತಿ. ಒಂದು ಕಡೆ ಹಂಪಿಯ ಬಂಡೆ, ಇನ್ನೊಂದು ಕಡೆ ಸಂಡೂರಿನ ಅದಿರಿನ ಗುಡ್ಡ ಇರುವ ಮರಿಯಮ್ಮನಹಳ್ಳಿಯಲ್ಲಿ ಕುಳಿತು ಬರೆಯುವವರು ಈ ಸಡಿಲ ಮಾತನ್ನು ಒಪ್ಪಬಾರದು ಎಂಬುದು ನನ್ನ ಹಟ. ಯಾವ ಕಲ್ಲು, ಒಣಗಿದ್ದೋ ನೆನೆದದ್ದೋ, ಬಿಸಿಲಿಗೆ ಕಾದದ್ದೋ ಕುಟ್ಟಿದ್ದೋ ಎಂದು ಹೇಳಬಲ್ಲ ಮೂಗು ನಮ್ಮವರಿಗಿದೆ. ಹಾಗೆ ಹೇಳಿದ ಮೇಲೆ, ಆ ವಾಸನೆ ಲೋಟಕ್ಕೆ ಬಂದದ್ದು ಎಲ್ಲಿಂದ ಎಂಬುದನ್ನೂ ಸರಿಯಾಗಿ ತಿಳಿದಿರಬೇಕು.

ಮೊದಲು ಈ ಎರಡನೆಯ ಮಾತು. ತುಂಗಭದ್ರೆಯ ಆಚೆ ದಡಕ್ಕೆ, ಕೊಪ್ಪಳ ಜಿಲ್ಲೆಯಲ್ಲಿ, ಕೃಷ್ಮಾ ಎಸ್ಟೇಟ್ಸ್‌ನ ದ್ರಾಕ್ಷಿ ತೋಟವಿದೆ. ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕಟ್ಟಿದ ಈ ತೋಟದ ಬಾಟಲಿಗಳ ಮೇಲೆ ‘ಹಂಪಿ ಹಿಲ್ಸ್’ ಎಂದೇ ಇರುತ್ತದೆ. ಕ್ಯಾಬರ್ನೆ ಸೊವಿನ್ಯೋನ್, ಸಾಂಜೊವೇಸೆ ಎಂಬ ಕೆಂಪು ತಳಿಗಳ ಜೊತೆಗೆ ಸೊವಿನ್ಯೋನ್ ಬ್ಲಾಂಕ್ ಎಂಬ ಬಿಳಿ ತಳಿಯೂ ಅಲ್ಲಿ ಬೆಳೆಯುತ್ತದೆ. ನೆಲ ನಮ್ಮ ಕಡೆಯದ್ದೇ: ಕರಗಿ ಪುಡಿಯಾದ ಗ್ರಾನೈಟು, ಬೆಣಚುಕಲ್ಲಿನ ಚೂರು, ಕಬ್ಬಿಣದ ಕೆಂಪು. ಈ ನಾಡಿಗೆ ಬಿಳಿ ದ್ರಾಕ್ಷಿ ಹೊಸತೂ ಅಲ್ಲ. ಸುಮಾರು 1520ರಲ್ಲಿ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್, ಮಾವು, ಅಡಿಕೆ, ಹಲಸು, ನಿಂಬೆ, ಕಿತ್ತಳೆಗಳ ತೋಪುಗಳನ್ನು ವರ್ಣಿಸುತ್ತಾ ಅಲ್ಲಿ ಬಿಳಿ ದ್ರಾಕ್ಷಿಯೂ ಇತ್ತೆಂದು ಬರೆದಿದ್ದಾನೆ. ಇಂಥ ನೆಲದ ಬಿಳಿ ವೈನಿನಲ್ಲಿ ಕಲ್ಲಿನ ಘಮಲು ಕಂಡರೆ, ಅದು ಹಂಪಿಯ ಬಂಡೆಯೇ ಲೋಟಕ್ಕೆ ಇಳಿದು ಬಂದದ್ದು ಎಂದು ನಂಬಲು ಯಾರಿಗೆ ಮನಸ್ಸಾಗುವುದಿಲ್ಲ?

ಆದರೆ ಹಾಗಾಗುವುದಿಲ್ಲ. ಬಳ್ಳಿಯ ಬೇರು ಕಲ್ಲನ್ನು ಹೀರುವುದಿಲ್ಲ. ನೀರಿನಲ್ಲಿ ಕರಗಿದ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂನಂಥ ಪೋಷಕಗಳ ಅಯಾನುಗಳನ್ನು ಹೀರುತ್ತದೆ. ಆ ಪೊಟ್ಯಾಸಿಯಂ ಗ್ರಾನೈಟಿನಿಂದ ಬಂದಿದ್ದರೂ ಒಂದೇ, ಕೊಟ್ಟಿಗೆ ಗೊಬ್ಬರದಿಂದ ಬಂದಿದ್ದರೂ ಒಂದೇ. ಅದಕ್ಕೆ ವಾಸನೆ ಇಲ್ಲ. ವೈನಿನಲ್ಲಿರುವ ಪ್ರಮಾಣದಲ್ಲಿ ಅದು ನಾಲಿಗೆಗೂ ಬಿಡಿಯಾಗಿ ತಿಳಿಯುವುದಿಲ್ಲ. ಬ್ರಿಟನ್ನಿನ ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ಈ ವಿಷಯವನ್ನು ವರ್ಷಗಟ್ಟಲೆ ಕೆದಕಿ, 2018ರಲ್ಲಿ ದ್ರಾಕ್ಷಿ ತೋಟಗಳ ಕಲ್ಲು-ಮಣ್ಣಿನ ಬಗ್ಗೆಯೇ ಒಂದು ಪುಸ್ತಕ ಬರೆದರು. ಬಂಡೆಯ ರುಚಿ ಬೇರಿನ ಮೂಲಕ ಹಣ್ಣಿಗೆ, ಹಣ್ಣಿನಿಂದ ಲೋಟಕ್ಕೆ ಬರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ ಎಂಬುದು ಅವರ ಖಚಿತ ನಿಲುವು. ಫ್ರಾನ್ಸಿನ ಶಾಬ್ಲಿ ತೋಟಗಳ ಸುಣ್ಣಮಣ್ಣಿನಲ್ಲಿ ಸಣ್ಣ ಸಿಂಪಿಗಳ ಪಳೆಯುಳಿಕೆ ಹೇರಳವಾಗಿದೆ. ಅಲ್ಲಿನ ವೈನಿನಲ್ಲಿ ಕಡಲಿನ ಉಪ್ಪುಗಾಳಿ ಇದೆ ಎಂದು ಬರೆಯುವವರು ಆ ಸಿಂಪಿಗಳನ್ನೇ ಕಾರಣವಾಗಿ ತೋರಿಸುತ್ತಾರೆ. ಕಲ್ಲಾಗಿ ಹದಿನೈದು ಕೋಟಿ ವರ್ಷವಾದ ಸಿಂಪಿಗೆ ಉಪ್ಪುಗಾಳಿಯ ವಾಸನೆ ಎಲ್ಲಿಂದ ಬರಬೇಕು?

ಇನ್ನೂ ಮೂಲದ ಮಾತೊಂದಿದೆ. ವಾಸನೆ ಎಂದರೆ ಗಾಳಿಯಲ್ಲಿ ಹಾರಿ ಮೂಗು ಸೇರುವ ಅಣು. ಕಲ್ಲೂ ಲೋಹವೂ ನಮ್ಮ ಬಿಸಿಲಿಗೆ ಆವಿಯಾಗಿ ಹಾರುವ ವಸ್ತುಗಳಲ್ಲ. ಹಾಗಾದರೆ ಕಬ್ಬಿಣ ಮುಟ್ಟಿದ ಕೈಗೆ ಬರುವ ವಾಸನೆ ಯಾವುದು? ಅದಿರಿನ ಸೀಮೆಯಲ್ಲಿ ಬೆಳೆದವರಿಗೆಲ್ಲ ಗೊತ್ತಿರುವ ವಾಸನೆ ಅದು. 2006ರಲ್ಲಿ ಡೀಟ್ಮಾರ್ ಗ್ಲಿಂಡೆಮನ್ ಮತ್ತು ಸಂಗಡಿಗರು ಅದರ ಗುಟ್ಟು ಬಿಡಿಸಿದರು. ಬೆವರು ತಾಗಿದಾಗ ಕಬ್ಬಿಣವು ನಮ್ಮ ಚರ್ಮದ ಎಣ್ಣೆಯಂಶವನ್ನು ಒಡೆಯುತ್ತದೆ. ಆಗ ಹುಟ್ಟುವ 1-ಆಕ್ಟೆನ್-3-ಓನ್ ಎಂಬ, ಅಣಬೆಯನ್ನು ನೆನಪಿಸುವ ವಸ್ತುವೇ ಆ ವಾಸನೆಯ ಮುಖ್ಯ ಭಾಗ. ಅಂದರೆ ಕಬ್ಬಿಣದ ವಾಸನೆ ಎಂದು ನಾವು ಕರೆಯುವುದು ನಮ್ಮದೇ ಮೈಯ ವಾಸನೆ. ಮೊದಲ ಮಳೆಯ ಮಣ್ಣಿನ ಘಮಲೂ ಹೀಗೆಯೇ. ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ಅದಕ್ಕೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಒಣ ದಿನಗಳಲ್ಲಿ ಕಲ್ಲು-ಮಣ್ಣಿನ ಮೈಗೆ ಅಂಟಿಕೊಂಡ ಸಾವಯವ ಎಣ್ಣೆಯಂಶ ತೇವ ತಾಗಿದಾಗ ಬಿಡುಗಡೆಯಾಗುತ್ತದೆ ಎಂಬುದು ಅವರು ಕಂಡುಕೊಂಡದ್ದು. ಕನೌಜಿನ ಅತ್ತರು ಮಾಡುವವರು ಇದೇ ಘಮಲನ್ನು ಬಹಳ ಮೊದಲೇ ಶೀಷೆಗೆ ಇಳಿಸಿದ್ದರೆಂಬುದನ್ನೂ ಅವರು ಗುರುತಿಸಿದ್ದರು. ಎರಡರಲ್ಲೂ ಕಲ್ಲು, ಲೋಹ ಬರೀ ನೆಪ. ಮೂಗು ಸೇರುವುದು ಬೇರೆಯೇ ಪದಾರ್ಥ.

ವೈನಿನಲ್ಲಿ ಆ ಬೇರೆ ಪದಾರ್ಥ ಬಹುಪಾಲು ಗಂಧಕದ ಸಂಸಾರಕ್ಕೆ ಸೇರಿದ್ದು. ದ್ರಾಕ್ಷಿ ರಸ ಹುದುಗುವಾಗ ಈಸ್ಟು ಗಂಧಕದ ಸಂಯುಕ್ತಗಳನ್ನು ಹುಟ್ಟಿಸುತ್ತದೆ. ರಸದಲ್ಲಿ ಈಸ್ಟಿಗೆ ಬೇಕಾದ ಸಾರಜನಕ ಕಡಿಮೆಯಿದ್ದರೆ ಸಾಮಾನ್ಯವಾಗಿ ಇವು ಹೆಚ್ಚು. 2003ರಲ್ಲಿ ಬೋರ್ಡೋದಲ್ಲಿ ಟಕಾಟೋಶಿ ಟೊಮಿನಾಗಾ, ಡೆನಿಸ್ ಡುಬೋರ್ಡಿಯು ಮತ್ತು ಸಂಗಡಿಗರು ಕೆಲವು ವೈನುಗಳ ಹೊಗೆ, ಚಕಮಕಿ ಕಲ್ಲಿನ ಘಮಲಿಗೆ ಬೆಂಜೀನ್‌ಮೀಥೇನ್‌ಥಯಾಲ್ ಎಂಬ ಗಂಧಕದ ಅಣುವಿನ ಕೊಡುಗೆ ಇದೆ ಎಂದು ತೋರಿಸಿದರು. ಲೀಟರಿಗೆ 0.3 ನ್ಯಾನೊಗ್ರಾಂ ಇದ್ದರೆ ಸಾಕು, ಮೂಗು ಅದನ್ನು ಹಿಡಿಯುತ್ತದೆ. ಈ ಪ್ರಮಾಣ ಎಷ್ಟು ಸಣ್ಣದೆಂದು ನಮ್ಮ ಲೆಕ್ಕದಲ್ಲಿ ನೋಡೋಣ: ತುಂಗಭದ್ರಾ ಜಲಾಶಯ ತುಂಬಿದಾಗ ಹಿಡಿಯುವ 105 ಟಿಎಂಸಿ ನೀರಿಗೆಲ್ಲ ಈ ಪದಾರ್ಥ ಒಂದು ಕಿಲೋ ಕೂಡ ಬೇಡ. 2016ರಲ್ಲಿ ಜಿನೀವಾದ ಕ್ರಿಸ್ಟಿಯನ್ ಸ್ಟಾರ್ಕನ್‌ಮನ್ ಮತ್ತು ತಂಡದವರು ಸ್ವಿಟ್ಜರ್‌ಲೆಂಡಿನ ಶಾಸ್ಲಾ ತಳಿಯ ವೈನಿನ ಚಕಮಕಿ ವಾಸನೆಯನ್ನು ಬೆನ್ನುಹತ್ತಿ, ಎರಡು ಹೈಡ್ರೋಜನ್, ಎರಡು ಗಂಧಕದ ಪರಮಾಣುಗಳ ಡೈಸಲ್ಫೇನ್ ಎಂಬ ಇನ್ನೊಂದು ಅಣುವನ್ನು ಹಿಡಿದುಕೊಟ್ಟರು. ಎರಡೂ ವಿವರಣೆಗಳಲ್ಲಿ ಇರುವುದು ಗಂಧಕ, ಬಂಡೆಯ ಹೆಸರಿಲ್ಲ.

ಇದನ್ನು ಪುಸ್ತಕದಲ್ಲಿ ಓದಿ ಬಿಡಬೇಡಿ, ಮನೆಯಲ್ಲೇ ಮಾಡಿ ನೋಡಿ. ಹೊಲದ ಬದುವಿನಲ್ಲಿ ಬಿದ್ದಿರುವ ಬಿಳಿ ಬೆಣಚುಕಲ್ಲು ಎರಡನ್ನು ತನ್ನಿ, ಅಂಗೈ ತುಂಬುವಷ್ಟು ದೊಡ್ಡವು. ದೀಪ ಆರಿಸಿ, ಕತ್ತಲಲ್ಲಿ ಒಂದರ ಅಂಚಿನಿಂದ ಇನ್ನೊಂದರ ಮೈಯನ್ನು ಬಲವಾಗಿ ಉಜ್ಜಿ. ಕಲ್ಲಿನ ಒಳಗಿನಿಂದಲೇ ಬಂದಂಥ ಮಂಕು ಕಿತ್ತಳೆ ಬೆಳಕು ಕಾಣುತ್ತದೆ. ತಕ್ಷಣ ಮೂಗಿನ ಹತ್ತಿರ ತನ್ನಿ. ಸುಟ್ಟಂಥ, ಒಣಗಿದ, ಮೂಗಿನ ಮೇಲ್ತುದಿಯನ್ನು ಚುಚ್ಚುವ ಒಂದು ವಾಸನೆ ನಾಲ್ಕಾರು ಉಸಿರಿನಷ್ಟು ಹೊತ್ತು ನಿಲ್ಲುತ್ತದೆ. ಫ್ರಾನ್ಸಿನವರು ಬಂದೂಕಿನ ಚಕಮಕಿ ಕಲ್ಲು ಎಂದು ಬರೆಯುವುದು ಈ ಘಮಲಿನ ನೆಂಟನನ್ನೇ. ನಮ್ಮ ಮಕ್ಕಳು ಆಡಿಕೊಂಡೇ ಕಲಿತಿರುವ ವಾಸನೆ ಇದು.

ಈಗ ಅಂಥ ಘಮಲಿರುವ ಒಂದು ಸೊವಿನ್ಯೋನ್ ಬ್ಲಾಂಕ್ ಅಥವಾ ಶಾರ್ಡನೆಯನ್ನು ಎರಡು ಲೋಟಕ್ಕೆ ಸಮನಾಗಿ ಹಾಕಿ. ಒಂದು ಲೋಟಕ್ಕೆ ಗೇಣುದ್ದದ ತಾಮ್ರದ ತಂತಿಯನ್ನು ಬಿಡಿ. ವಯರಿನ ಪ್ಲಾಸ್ಟಿಕ್ಕು ಸುಲಿದು, ಹುಣಸೆಹಣ್ಣಿನಿಂದ ತಿಕ್ಕಿ, ಚೆನ್ನಾಗಿ ತೊಳೆದು ಸುರುಳಿ ಸುತ್ತಿದ ತಂತಿ. ಕೆಲವು ನಿಮಿಷ ಅಲ್ಲಾಡಿಸಿ. ಆಮೇಲೆ ಎರಡನ್ನೂ ಮೂಸಿ. ತಾಮ್ರ ಬಿಟ್ಟ ಲೋಟದಲ್ಲಿ ಕಡ್ಡಿ ಗೀರಿದ ವಾಸನೆ ತಗ್ಗಿ ಹಣ್ಣು ಮುಂದೆ ಬಂದಿರುತ್ತದೆ. ಇನ್ನೊಂದರಲ್ಲಿ ಇದ್ದದ್ದು ಇದ್ದಂತೆಯೇ ಇರುತ್ತದೆ. ಗಂಧಕದ ಇಂಥ ಅಣುಗಳನ್ನು ತಾಮ್ರ ಕಟ್ಟಿಹಾಕುತ್ತದೆ. ಕಲ್ಲಿನ ರಸವೇ ಲೋಟದಲ್ಲಿ ಇದ್ದಿದ್ದರೆ ಒಂದು ತುಂಡು ತಂತಿಗೆ ಅದು ಮಣಿಯುತ್ತಿರಲಿಲ್ಲ. ತಂತಿ ಬಿಟ್ಟ ಲೋಟದ್ದನ್ನು ಕುಡಿಯಬೇಡಿ, ಚೆಲ್ಲಿಬಿಡಿ.

ಹಾಗೆಂದು ನೆಲಕ್ಕೆ ಬೆಲೆಯಿಲ್ಲ ಎಂದು ಯಾರೂ ತಿಳಿಯಬಾರದು. ನೀರು ಎಷ್ಟು ನಿಲ್ಲುತ್ತದೆ, ಎಷ್ಟು ಬಸಿಯುತ್ತದೆ, ರಾತ್ರಿ ಮಣ್ಣು ಎಷ್ಟು ಬೇಗ ಆರುತ್ತದೆ, ಬಳ್ಳಿಗೆ ಸಾರಜನಕ ಎಷ್ಟು ಸಿಗುತ್ತದೆ ಎಂಬುದನ್ನೆಲ್ಲ ನಿರ್ಧರಿಸುವುದು ನೆಲವೇ. ಕಲ್ಲುಮಣ್ಣಿನ ಬಡ ನೆಲದ ಹಣ್ಣಿನಲ್ಲಿ ಸಾರಜನಕ ಕಡಿಮೆಯಾಗಬಹುದು. ಆಗ ಈಸ್ಟು ಹಸಿಯುತ್ತದೆ, ಗಂಧಕದ ಘಮಲು ಹೆಚ್ಚುತ್ತದೆ. ಕಲ್ಲಿಗೂ ಲೋಟಕ್ಕೂ ಸಂಬಂಧವಿದೆ. ಅದು ಬಳ್ಳಿಯ ಬದುಕು ಮತ್ತು ಈಸ್ಟಿನ ಕೆಲಸವನ್ನು ಸುತ್ತಿ ಬರುವ ಸಂಬಂಧ. ನನ್ನ ಮಟ್ಟಿಗೆ ಇದು ಬಂಡೆ ಕರಗಿ ಬರುತ್ತದೆಂಬ ಕತೆಗಿಂತ ಹೆಚ್ಚು ಬೆರಗಿನ ಸಂಗತಿ.

ಇನ್ನು ಹೊಗೆ. ಬಿಳಿ ವೈನಿನಲ್ಲಿ ಹೊಗೆ ಎಂದು ಬರೆದು ಸುಮ್ಮನಾಗುವುದು ಅಡುಗೆಮನೆಯ ಹೊಗೆಯನ್ನೂ ಬೀಡಿಯ ಹೊಗೆಯನ್ನೂ ಒಂದೇ ಎಂದಂತೆ. ಮೂರನ್ನು ಬೇರ್ಪಡಿಸಿ ಕಲಿಯಬೇಕು. ಮೊದಲನೆಯದು ಮೇಲೆ ಹೇಳಿದ ಗಂಧಕದ ಹೊಗೆ: ಕಡ್ಡಿಪೆಟ್ಟಿಗೆಗೆ ಕಡ್ಡಿ ಗೀರಿದ ಕ್ಷಣದ ವಾಸನೆ; ಚೂಪು, ತೆಳು. ಲುವಾರ್ ಕಣಿವೆಯ ಪುಯಿ-ಫ್ಯೂಮೆ ಎಂಬ ವೈನಿನ ಹೆಸರಿನಲ್ಲಿ ಹೊಗೆಯೇ ಇದೆ. ಆ ಹೆಸರು ಈ ವಾಸನೆಯಿಂದ ಬಂತೆಂದು ಕೆಲವರು, ಹಣ್ಣಾಗುವಾಗ ಕಾಯಿಯ ಮೇಲೆ ಕೂರುವ ಬೂದುಬಣ್ಣದ ಪುಡಿಯಿಂದ ಬಂತೆಂದು ಕೆಲವರು ಹೇಳುತ್ತಾರೆ.

ಎರಡನೆಯದು ಮರದ ಹೊಗೆ. ಓಕ್ ಪೀಪಾಯಿ ಕಟ್ಟುವಾಗ ಹಲಗೆಯ ಒಳಮೈಯನ್ನು ಬೆಂಕಿಯಲ್ಲಿ ಸುಡುತ್ತಾರೆ. ಆಗ ಮರದ ಲಿಗ್ನಿನ್ ಒಡೆದು ಗ್ವಾಯಕಾಲ್ ಹುಟ್ಟುತ್ತದೆ. ಅಂಥ ಪೀಪಾಯಿಯಲ್ಲಿ ಮಲಗಿದ ವೈನಿಗೆ ಸುಟ್ಟ ಕಟ್ಟಿಗೆ, ಹುರಿದ ಕಡಲೆಯ ಘಮಲು ಸೇರುತ್ತದೆ. ಇದು ದಪ್ಪ, ಸಿಹಿ ಮಿಶ್ರಿತ. ಕ್ಯಾಲಿಫೋರ್ನಿಯಾದ ರಾಬರ್ಟ್ ಮೊಂಡಾವಿ 1968ರಲ್ಲಿ ತನ್ನ ಸೊವಿನ್ಯೋನ್ ಬ್ಲಾಂಕಿಗೆ ‘ಫ್ಯೂಮೆ ಬ್ಲಾಂಕ್’ ಎಂದು ಹೆಸರಿಟ್ಟ ಮೇಲೆ ಈ ಎರಡು ಹೊಗೆಗಳು ಜನರ ಮನಸ್ಸಿನಲ್ಲಿ ಕಲೆತುಹೋದವು. ಪುಯಿ-ಫ್ಯೂಮೆಯ ನೆನಪು ಅದರ ಹೆಸರಿನಲ್ಲಿತ್ತು, ಪೀಪಾಯಿಯ ಘಮಲು ಲೋಟದಲ್ಲಿತ್ತು.

ಮೂರನೆಯದು ಕೆಟ್ಟ ಹೊಗೆ. ಕಾಡ್ಗಿಚ್ಚಿನ ಹೊಗೆ ತೋಟಕ್ಕೆ ಕವಿದರೆ ಅದೇ ಗ್ವಾಯಕಾಲ್ ಮತ್ತು ಅದರ ಬಂಧುಗಳು ಹಣ್ಣಿನ ಸಿಪ್ಪೆ ಸೇರಿ ಸಕ್ಕರೆಯೊಂದಿಗೆ ಬೆಸೆದುಕೊಂಡು ಅಡಗುತ್ತವೆ. ಹುದುಗಿದ ಮೇಲೆ, ಕೆಲವೊಮ್ಮೆ ಬಾಯಲ್ಲಿ ಎಂಜಲು ತಾಗಿದ ಮೇಲೆ ಬಿಡಿಸಿಕೊಂಡು ಬೂದಿಯ ರುಚಿ ಉಳಿಸುತ್ತವೆ. ಬಿಳಿ ವೈನಿಗೆ ಸಿಪ್ಪೆಯನ್ನು ಬೇಗ ಬೇರ್ಪಡಿಸುವುದರಿಂದ ಕೆಂಪಿಗಿಂತ ಅಪಾಯ ಕಡಿಮೆ. ಮೂಗಿಗೆ ಏನೂ ಹೇಳದೆ, ನುಂಗಿದ ಮೇಲೆ ಗಂಟಲಲ್ಲಿ ಬೂದಿ ಉಳಿಸಿದರೆ ಅದನ್ನು ಮೆಚ್ಚುಗೆಯ ಮಾತಿನಲ್ಲಿ ಬರೆಯಬೇಡಿ.

ಇವುಗಳ ಪಕ್ಕದಲ್ಲೇ ಇಡಬೇಕಾದ ಇನ್ನೊಂದು ವಾಸನೆ ಸೀಮೆಎಣ್ಣೆಯದು. ಜರ್ಮನಿಯ ಮೋಜೆಲ್ ಕಣಿವೆಯ ಹಲಗೆಗಲ್ಲಿನ ಇಳಿಜಾರಿನಲ್ಲಿ ಬೆಳೆಯುವ ರೀಸ್ಲಿಂಗ್ ಹಳತಾದಂತೆ ಸ್ಟವ್ ಹಚ್ಚುವ ಮೊದಲಿನ ಸೀಮೆಎಣ್ಣೆಯ ಘಮಲು ಬಿಡುತ್ತದೆ. ಇದನ್ನೂ ಕಲ್ಲಿನ ಲೆಕ್ಕಕ್ಕೆ ಬರೆಯುವವರಿದ್ದಾರೆ. ಅದಕ್ಕೆ ಕಾರಣ ಟಿಡಿಎನ್ ಎಂಬ ಸಂಯುಕ್ತ. ಹಣ್ಣಿನ ಕ್ಯಾರೊಟಿನಾಯ್ಡುಗಳಿಂದ ಹುಟ್ಟುವ ಇದು ಗೊಂಚಲಿಗೆ ಬಿಸಿಲು ಹೆಚ್ಚು ತಾಗಿದಷ್ಟೂ, ಬಾಟಲಿ ಹಳತಾದಷ್ಟೂ ಹೆಚ್ಚುತ್ತದೆ. ಇಲ್ಲಿ ಬರೆಯಬೇಕಾದದ್ದು ಬಿಸಿಲನ್ನು, ವಯಸ್ಸನ್ನು.

ಮೂಗಿನದು ಇಷ್ಟಾದರೆ, ಬಾಯಿಯದು ಬೇರೆ ಕತೆ. ಮಿನರಲ್ ಎನ್ನುವವರಲ್ಲಿ ಅನೇಕರು ಹೇಳುತ್ತಿರುವುದು ವಾಸನೆಯನ್ನೇ ಅಲ್ಲ. ನಾಲಿಗೆಯ ಅಂಚು ಬಿಗಿಯುವ ಹುಳಿ, ಕೊನೆಯಲ್ಲಿ ಉಳಿಯುವ ಉಪ್ಪೊಗರು, ಒಸಡಿಗೆ ಸುಣ್ಣದ ಪುಡಿ ತಾಗಿದಂಥ ಒರಟು, ಇವನ್ನು. ನ್ಯೂಜಿಲೆಂಡಿನ ವೆಂಡಿ ಪಾರ್ ಮತ್ತು ಫ್ರಾನ್ಸಿನ ಜೋರ್ಡಿ ಬಾಲೆಸ್ಟರ್ ಮೊದಲಾದವರು ಎರಡೂ ದೇಶಗಳ ವೈನ್ ವೃತ್ತಿಪರರಿಗೆ ಸೊವಿನ್ಯೋನ್ ಬ್ಲಾಂಕ್ ಕೊಟ್ಟು ಈ ಗುಣವನ್ನು ಅಳೆಸಿದರು. ಹಣ್ಣಿನ ಘಮಲು ಇಲ್ಲದಿರುವುದೂ ಆ ಮಾತನ್ನು ಬಾಯಿಗೆ ತರುವ ಒಂದು ಕಾರಣವೆಂಬ ಸುಳಿವು ಅಂಥ ಅಧ್ಯಯನಗಳಲ್ಲಿ ಸಿಕ್ಕಿದೆ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಆನ್ ನೋಬಲ್ 1984ರಲ್ಲಿ ರೂಪಿಸಿದ ವೈನ್ ಪರಿಮಳ ಚಕ್ರದಲ್ಲಿ ಹಣ್ಣು, ಹೂವು, ಮಸಾಲೆ, ಮಣ್ಣು, ಗಂಧಕ ಎಲ್ಲಕ್ಕೂ ಜಾಗವಿದೆ; ಮಿನರಲ್ ಎಂಬುದಕ್ಕೆ ಇಲ್ಲ. ಮೂಸಿ ತೋರಿಸಲಾಗದ ಮಾತಿಗೆ ಅಂಥ ಚಕ್ರದಲ್ಲಿ ಜಾಗವಿಲ್ಲದಿರುವುದು ಸರಿಯೇ.

ಹುಳಿಯ ವಿಷಯದಲ್ಲಿ ನಮ್ಮ ಸೀಮೆಗೆ ತನ್ನದೇ ಕಷ್ಟವಿದೆ. ನಮ್ಮಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ. ಬೇಸಿಗೆಯಲ್ಲಿ ಒಂದು, ಮಳೆ ಹಿಂದೆ ಸರಿದ ಮೇಲೆ ಇನ್ನೊಂದು. ಹಣ್ಣು ಕೊಯ್ಯುವುದು ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ಆಸುಪಾಸಿನಲ್ಲಿ. ಅಷ್ಟರಲ್ಲಿ ಬಿಸಿಲು ಏರುತ್ತಿರುತ್ತದೆ, ಹಣ್ಣಿನಲ್ಲಿರುವ ಮ್ಯಾಲಿಕ್ ಆಮ್ಲ ಕರಗುತ್ತಿರುತ್ತದೆ. ಆದ್ದರಿಂದ ಬಿಳಿ ವೈನಿಗೆ ಹಣ್ಣನ್ನು ಸ್ವಲ್ಪ ಮುಂಚೆ, ತಂಪು ಹೊತ್ತಿನಲ್ಲಿ ಕೊಯ್ಯುತ್ತಾರೆ; ಬಿಸಿ ಸೀಮೆಗಳಲ್ಲಿ ರಸಕ್ಕೆ ಟಾರ್ಟಾರಿಕ್ ಆಮ್ಲ ಸೇರಿಸುವುದೂ ವಾಡಿಕೆ. ಕರ್ನಾಟಕದ ಬಿಳಿ ವೈನಿನಲ್ಲಿ ‘ಕಲ್ಲಿನ ಬಿಗಿ’ ಕಂಡರೆ ಅದರ ಹಿಂದೆ ಕೊಯ್ಲಿನ ದಿನ ಆರಿಸಿದವರ ಜಾಣತನ ಇರುವ ಸಾಧ್ಯತೆ ದೊಡ್ಡದು. ಆ ಮೆಚ್ಚುಗೆಯನ್ನು ಬಂಡೆಗೆ ಒಪ್ಪಿಸಿಬಿಟ್ಟರೆ ತೋಟದಲ್ಲಿ ದುಡಿದವರಿಗೆ ಅನ್ಯಾಯ.

ಮೆಚ್ಚುಗೆ ಎಲ್ಲಿ ನಿಲ್ಲಬೇಕು ಎಂಬುದೂ ಗೊತ್ತಿರಬೇಕು. ಚಕಮಕಿಯ ಘಮಲು ಮಿತಿ ಮೀರಿ ಕೊಳೆತ ಮೊಟ್ಟೆಯ ಕಡೆಗೆ ಜಾರಿದರೆ ಅದು ದೋಷ. ಲೋಟವನ್ನು ಜೋರಾಗಿ ತಿರುಗಿಸಿ ಹತ್ತು ನಿಮಿಷ ಕಾಯಿರಿ. ಹೋದರೆ ಸರಿ, ಹೋಗದಿದ್ದರೆ ಹಾಗೆಂದೇ ಬರೆಯಿರಿ. ಒದ್ದೆ ಗೋಣಿಚೀಲದ ಬೂಷ್ಟು ವಾಸನೆ ಬಿರಡೆಯಿಂದ ಬಂದ ಕೇಡು. ಅದು ಕಲ್ಲೂ ಅಲ್ಲ, ಮಣ್ಣೂ ಅಲ್ಲ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಮಳೆಯ ಮಣ್ಣಿನ ವಾಸನೆಯಲ್ಲಿ. ಆ ಘಮಲಿನ ಒಂದು ಮುಖ್ಯ ಪಾಲು ಜಿಯೋಸ್ಮಿನ್, ಮಣ್ಣಿನ ಸೂಕ್ಷ್ಮಜೀವಿಗಳ ಉತ್ಪನ್ನ. ಅಂಗಳದಲ್ಲಿ ಅದು ಹಬ್ಬ. ವೈನಿನಲ್ಲಿ ಕಂಡರೆ ಗೊಂಚಲಿನಲ್ಲಿ ಕೊಳೆ ಸೇರಿತ್ತೆಂಬ ಸೂಚನೆ. ನಮಗೆ ಪ್ರೀತಿಯ ವಾಸನೆ ಎಂಬ ಕಾರಣಕ್ಕೆ ಅದನ್ನು ಹೊಗಳುವುದು ತಪ್ಪು.

ಹಾಗಾದರೆ ಬರೆಯುವುದು ಹೇಗೆ? ನಾನು ಪಾಲಿಸುವ ಕ್ರಮ ಸರಳ. ಫ್ರಿಜ್ಜಿನಿಂದ ತೆಗೆದ ತಕ್ಷಣ ಮೂಸುವುದಿಲ್ಲ. ತೀರಾ ತಣ್ಣಗಿದ್ದರೆ ಘಮಲು ಏಳುವುದಿಲ್ಲ, ನಮ್ಮೂರ ಸೆಕೆಯಲ್ಲಿ ಹೆಚ್ಚು ಬಿಟ್ಟರೆ ಮದ್ಯದ ಖಾರವೇ ಮುಂದೆ ಬರುತ್ತದೆ. ಹತ್ತು-ಹನ್ನೆರಡು ಡಿಗ್ರಿ ಹದ. ಮೊದಲು ಮೂಗು ಹೇಳಿದ್ದು, ಆಮೇಲೆ ಬಾಯಿ ಹೇಳಿದ್ದು, ಎರಡನ್ನೂ ಬೇರೆ ಸಾಲಿನಲ್ಲಿ ಬರೆಯುತ್ತೇನೆ. ಕಲ್ಲು ಎಂದು ಬರೆದರೆ ಅದರ ಸ್ಥಿತಿಯನ್ನೂ ಬರೆಯಲೇಬೇಕು: ಉಜ್ಜಿದ ಬೆಣಚು, ಬಿಸಿಲಿಗೆ ಕಾದ ಬಂಡೆಗೆ ನೀರು ಚೆಲ್ಲಿದ್ದು, ಒದ್ದೆ ಬಟ್ಟೆಯಲ್ಲಿ ಒರೆಸಿದ ಪಾಟಿ, ಹೊಸ ಮಡಕೆಯ ನೀರು, ಒಣಗುತ್ತಿರುವ ಸುಣ್ಣದ ಗೋಡೆ. ಪರದೇಶದ ಪುಸ್ತಕಗಳು ಒದ್ದೆ ಸ್ಲೇಟು ಎನ್ನುವಾಗ ನಮ್ಮ ಓದುಗರು ಕಲ್ಪಿಸಿಕೊಳ್ಳಬೇಕಾಗಿಲ್ಲ. ಅಕ್ಷರ ತಿದ್ದಿದ ಪಾಟಿಯನ್ನು ಎಲ್ಲರೂ ಒರೆಸಿದ್ದಾರೆ.

ಈಚೆಗೆ ಕುಡಿದ ಕರ್ನಾಟಕದ ಒಂದು ಸೊವಿನ್ಯೋನ್ ಬ್ಲಾಂಕ್ ಬಗ್ಗೆ ನನ್ನ ಟಿಪ್ಪಣಿ ಹೀಗಿದೆ: ಮೂಗಿಗೆ ಮೊದಲು ಉಜ್ಜಿದ ಬೆಣಚುಕಲ್ಲು, ಲೋಟ ತಿರುಗಿಸಿದ ಮೇಲೆ ತಗ್ಗಿತು, ಅದರ ಹಿಂದಿನಿಂದ ಚಕ್ಕೋತದ ಸಿಪ್ಪೆ, ಹಸಿ ಸೀಬೆಕಾಯಿ. ಬಾಯಿಗೆ ನಿಂಬೆಯ ಚುರುಕು, ಕೊನೆಯಲ್ಲಿ ಚೂರು ಉಪ್ಪು. ಮರದ ಹೊಗೆ ಇಲ್ಲ. ಇಷ್ಟು ಓದಿದವರು ಆ ಬಾಟಲಿ ಸಿಕ್ಕರೆ ನನ್ನ ಮಾತನ್ನು ಪರೀಕ್ಷಿಸಬಹುದು, ಒಪ್ಪದೆ ಇರಬಹುದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಒರೆಗೆ ಹಚ್ಚಲು ಬರಬೇಕು. ರುಚಿಯ ಬರವಣಿಗೆಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಇಲ್ಲ.

ಹಂಪಿ ಹಿಲ್ಸ್‌ಗೋ ನಂದಿ ಬೆಟ್ಟದ ತಪ್ಪಲಿಗೋ ತೋಟ ನೋಡಲು ಹೋದಾಗ ನಾವು ಕೇಳುವ ಪ್ರಶ್ನೆಯೂ ಬದಲಾಗಲಿ. ಮಣ್ಣು ಯಾವುದು ಎಂದು ಕೇಳಿ ನಿಲ್ಲಿಸಬೇಡಿ. ಹಣ್ಣು ಕೊಯ್ದದ್ದು ಯಾವ ವಾರ, ಎಷ್ಟು ಹೊತ್ತಿಗೆ? ರಸ ಹುದುಗಿದ್ದು ಸ್ಟೀಲ್ ತೊಟ್ಟಿಯಲ್ಲೋ ಪೀಪಾಯಿಯಲ್ಲೋ? ಈಸ್ಟಿನ ಗಸಿಯ ಮೇಲೆ ಎಷ್ಟು ತಿಂಗಳು ಮಲಗಿತ್ತು? ಬಾಟಲಿಗೆ ಹಾಕಿದ್ದು ತಿರುಗು ಮುಚ್ಚಳವೋ ಬಿರಡೆಯೋ? ಲೋಟದಲ್ಲಿ ಸಿಕ್ಕ ಕಲ್ಲಿನ ಘಮಲಿಗೆ ಕಾರಣ ಈ ಉತ್ತರಗಳಲ್ಲಿ ಸಿಗುತ್ತದೆ. ಇವನ್ನು ಕೇಳುವ ಗಿರಾಕಿ ಬಂದಾಗ ವೈನ್ ಮಾಡುವವರೂ ಕತೆ ಬಿಟ್ಟು ತಮ್ಮ ಕೆಲಸದ ಬಗ್ಗೆ ಮನಬಿಚ್ಚಿ ಮಾತಾಡುತ್ತಾರೆ.